ಸೂರ್ಯ ನಾಳೆಯೂ ಹುಟ್ಟುವನೆ?

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ನಿಮಗೆಲ್ಲ ಗೊತ್ತು. ಊರವರ ಮೇಲೆ ಮುನಿಸಿಕೊಂಡು ಆಕೆ ಕೋಳಿಯೊಂದಿಗೆ ಊರು ಬಿಟ್ಟಳು. ಮರುದಿನವೂ ಊರಿಗೆ ಬೆಳಗಾಯಿತು. ನಾವು ನಗುತ್ತೇವೆ. ಆದರೆ ನಾಳೆ ಸೂರ್ಯ ಹುಟ್ಟುತ್ತಾನೆ ಎಂಬ ನಮ್ಮ ನಂಬಿಕೆಗೆ ಆಧಾರವೇನು? 'ಇದುವರೆಗೆ ದಿನವೂ ಹುಟ್ಟಿದ್ದಾನೆ' ಎಂದರೆ ಅಜ್ಜಿಯ ವಾದವೂ ಅದೇ ಬಗೆಯದು. ಕೋಳಿ ಕೂಗಿದ ದಿನವೆಲ್ಲ ಬೆಳಗಾಗಿತ್ತಲ್ಲವೆ?

ಈ ತೊಡಕನ್ನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಎತ್ತಿ ತೋರಿಸಿದ. ಸೂರ್ಯ ನಾಳೆ ಹುಟ್ಟುವುದಿಲ್ಲ ಎಂಬ ಹೇಳಿಕೆಯಲ್ಲಿ ತಾರ್ಕಿಕ ದೋಷವೇನೂ ಇಲ್ಲ. ಅದು ಸುಳ್ಳೆಂದು ಬರೀ ತರ್ಕದಿಂದ ಸಾಧಿಸಲಾಗದು ಎಂಬುದು ಅವನ ವಾದ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಇದಕ್ಕೆ ಲೆಕ್ಕ ಹಾಕಿದ. 5000 ವರ್ಷಗಳಲ್ಲಿ, ಅಂದರೆ 18,26,213 ದಿನಗಳಲ್ಲಿ, ಸೂರ್ಯ ಒಮ್ಮೆಯೂ ತಪ್ಪದೆ ಹುಟ್ಟಿದ್ದರೆ, ನಾಳೆಯೂ ಹುಟ್ಟುತ್ತಾನೆ ಎಂಬುದರ ಪರವಾಗಿ 18,26,214ಕ್ಕೆ 1ರಂತೆ ಪಣ ಕಟ್ಟಬಹುದು! ಲಾಪ್ಲಾಸ್ ಅಲ್ಲಿಗೇ ನಿಲ್ಲಲಿಲ್ಲ. ಹಗಲು ರಾತ್ರಿಗಳ ಕಾರಣವನ್ನು ಬಲ್ಲವನಿಗೆ ಈ ಭರವಸೆ ಇನ್ನೂ ಎಷ್ಟೋ ಪಾಲು ಹೆಚ್ಚು ಎಂದೂ ಸೇರಿಸಿದ. ದಿನಗಳ ಎಣಿಕೆಗಿಂತ ಕಾರಣದ ಅರಿವು ದೊಡ್ಡದು.

ಆ ಕಾರಣ ಯಾವುದು? ಸೂರ್ಯೋದಯಕ್ಕೆ ಎರಡು ಸಂಗತಿಗಳು ಬೇಕು: ಭೂಮಿ ತಿರುಗುತ್ತಿರಬೇಕು, ಸೂರ್ಯ ಉರಿಯುತ್ತಿರಬೇಕು. ಮೊದಲನೆಯದನ್ನು ಕ್ರಿ.ಶ. 499ರಲ್ಲೇ ಆರ್ಯಭಟ ಹೇಳಿದ್ದ. ಉಬ್ಬರವಿಳಿತಗಳ ಘರ್ಷಣೆಯಿಂದ ಭೂಮಿಯ ಭ್ರಮಣೆ ನಿಧಾನವಾಗುತ್ತಿದೆ, ನಿಜ. ಆದರೆ ಶತಮಾನಕ್ಕೆ ದಿನ ಉದ್ದವಾಗುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡು ಭಾಗದಷ್ಟೂ ಇಲ್ಲ. ಚಿಂತೆ ಬೇಡ. ವಿಜ್ಞಾನಿಗಳ ನಿದ್ದೆ ಕೆಡಿಸಿದ್ದು ಎರಡನೆಯದು.

ಸೂರ್ಯನಿಗೆ ಇಂಧನ ಯಾವುದು? ಇಡೀ ಸೂರ್ಯ ಕಲ್ಲಿದ್ದಲಿನ ಉಂಡೆಯಾಗಿದ್ದರೆ ಕೆಲವು ಸಾವಿರ ವರ್ಷಗಳಲ್ಲೇ ಬೂದಿಯಾಗುತ್ತಿತ್ತು. ಸೂರ್ಯ ತನ್ನದೇ ಗುರುತ್ವದಿಂದ ಕುಗ್ಗುತ್ತಿದೆ, ಆಗ ಬಿಡುಗಡೆಯಾಗುವ ಶಕ್ತಿಯೇ ಬೆಳಕು ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1854ರಲ್ಲಿ ಸೂಚಿಸಿದ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1862ರಲ್ಲಿ ಲೆಕ್ಕ ಮಾಡಿ, ಸೂರ್ಯನ ವಯಸ್ಸು ಬಹುಶಃ 10 ಕೋಟಿ ವರ್ಷಗಳನ್ನು ಮೀರದು ಎಂದ. ಗೊತ್ತಿಲ್ಲದ ಬೇರೆ ಆಕರ ಇರದಿದ್ದಲ್ಲಿ ಈ ಬೆಳಕು ಇನ್ನು ಬಹುಕಾಲ ಸಿಗದೆಂದೂ ಎಚ್ಚರಿಸಿದ. ಆದರೆ ಬಂಡೆಗಳ ಸವೆತಕ್ಕೂ ಜೀವವಿಕಾಸಕ್ಕೂ ಈ ಅವಧಿ ಸಾಲದು. ಡಾರ್ವಿನ್ 1859ರಲ್ಲಿ ಇಂಗ್ಲೆಂಡಿನ ಒಂದು ಕಣಿವೆಯ ಸವೆತಕ್ಕೇ 30 ಕೋಟಿ ವರ್ಷ ಕೊಟ್ಟಿದ್ದ!

ಆ 'ಗೊತ್ತಿಲ್ಲದ ಆಕರ'ದ ಸುಳಿವು ಕೊಟ್ಟವರು ಆರ್ಥರ್ ಎಡಿಂಗ್ಟನ್. ನಾಲ್ಕು ಹೈಡ್ರೊಜನ್ ಪರಮಾಣುಗಳಿಗಿಂತ ಒಂದು ಹೀಲಿಯಮ್ ಪರಮಾಣುವಿನ ರಾಶಿ ತುಸು ಕಡಿಮೆ. ಕಳೆದುಹೋದ ರಾಶಿಯೇ ಶಕ್ತಿಯಾಗುತ್ತದೆ ಎಂದು ಅವರು 1920ರಲ್ಲಿ ಸೂಚಿಸಿದರು. ಆ ಬೈಜಿಕ ಕ್ರಿಯೆಗಳ ವಿವರವನ್ನು ಹಾನ್ಸ್ ಬೆಥೆ 1939ರಲ್ಲಿ ಪ್ರಕಟಿಸಿದರು.

ಆದರೆ ಸೂರ್ಯನ ಒಡಲನ್ನು ಕಂಡವರಾರು? ಅಲ್ಲಿ ಹುಟ್ಟಿದ ಶಕ್ತಿ ಹೊರಮೈಗೆ ಬರಲು ಲಕ್ಷ ವರ್ಷದ ಆಸುಪಾಸು ಬೇಕು. ನ್ಯೂಟ್ರಿನೊ ಕಣಗಳಾದರೋ ನೇರವಾಗಿ ಹೊರಬಿದ್ದು ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಯನ್ನು ತಲುಪುತ್ತವೆ. ಅವುಗಳನ್ನು ಹಿಡಿಯಲು ಅಮೆರಿಕದ ರೇಮಂಡ್ ಡೇವಿಸ್ ಒಂದು ಚಿನ್ನದ ಗಣಿಯ ಆಳದಲ್ಲಿ, ಬಟ್ಟೆ ಶುಚಿಮಾಡಲು ಬಳಸುವ ಕ್ಲೋರಿನ್‌ಯುಕ್ತ ದ್ರವವನ್ನು ಸುಮಾರು 3.8 ಲಕ್ಷ ಲೀಟರ್ ತುಂಬಿಟ್ಟರು. 1968ರಿಂದ ಪ್ರಕಟವಾದ ಫಲಿತಾಂಶಗಳು ಬೆರಗು ಹುಟ್ಟಿಸಿದವು. ಸಿಕ್ಕ ನ್ಯೂಟ್ರಿನೊಗಳು ನಿರೀಕ್ಷೆಯ ಮೂರನೇ ಒಂದು ಭಾಗದಷ್ಟು ಮಾತ್ರ! ಸೂರ್ಯನ ಒಡಲು ಸದ್ಯಕ್ಕೆ ತಣಿದಿರಬಹುದೆ ಎಂಬ ಊಹೆಯನ್ನು ವಿಲಿಯಂ ಫೌಲರ್ 1972ರಲ್ಲಿ ಮುಂದಿಟ್ಟರು.

ಸೂರ್ಯನ ಒಳಗಿನ ಒಲೆ ನಿಜಕ್ಕೂ ಪೂರ್ತಿ ಆರಿಹೋದರೆ? ನಾಳೆ ಬೆಳಿಗ್ಗೆ ಏನೂ ಆಗುವುದಿಲ್ಲ! ಕೆಲ್ವಿನ್ ಹೇಳಿದ ಕುಗ್ಗುವಿಕೆಯೇ ಸೂರ್ಯನನ್ನು ಬಹುಕಾಲ ಬೆಳಗಿಸೀತು. ಹೊರಮೈಯ ಬೆಳಕೇ ಒಮ್ಮೆಲೇ ಮಾಯವಾದರೆ ಮಾತು ಬೇರೆ. ಎಂಟು ನಿಮಿಷ ಚಿಲ್ಲರೆಯ ಬಳಿಕ ಕತ್ತಲು. ಚಂದ್ರನೂ ಕಾಣದು. ದ್ಯುತಿಸಂಶ್ಲೇಷಣೆ ನಿಂತು ಆಹಾರ ಸರಪಳಿ ಕಡಿಯುತ್ತದೆ. ಕಡಲು ಮೇಲಿನಿಂದ ಹೆಪ್ಪುಗಟ್ಟುತ್ತದೆ. ಭೂಮಿಯ ಒಳಗಿನ ಕಾವನ್ನು ನೆಚ್ಚಿ, ಆಳ ಸಾಗರದ ಬಿಸಿನೀರಿನ ಬುಗ್ಗೆಗಳ ಬಳಿ ಕೆಲವು ಸೂಕ್ಷ್ಮಜೀವಿಗಳು ಉಳಿದಾವು, ಅಷ್ಟೆ.

ಕೊನೆಗೆ ತಪ್ಪು ಸೂರ್ಯನದಲ್ಲ ಎಂದು ತಿಳಿಯಿತು. ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ. ಡೇವಿಸ್ ಅವರ ಉಪಕರಣ ಒಂದೇ ಬಗೆಯನ್ನು ಗುರುತಿಸುತ್ತಿತ್ತು. ಕೆನಡಾದ ಸಡ್‌ಬರಿ ಗಣಿಯಲ್ಲಿ 1000 ಟನ್ ಭಾರಜಲ ಬಳಸಿ ನಡೆಸಿದ ಪ್ರಯೋಗ 2001-02ರಲ್ಲಿ ಇದನ್ನು ಸಾಧಿಸಿತು. ಎಲ್ಲ ಬಗೆಗಳನ್ನು ಕೂಡಿದಾಗ ಲೆಕ್ಕ ಸರಿಹೋಯಿತು. ಡೇವಿಸ್ ಅವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಇಟಲಿಯ ಬೊರೆಕ್ಸಿನೊ ಪ್ರಯೋಗ 2014ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಸೂರ್ಯನ ಒಡಲಿನಲ್ಲಿ ಇಂದು ಹುಟ್ಟುತ್ತಿರುವ ಶಕ್ತಿಯೂ, ಬಹು ಹಿಂದೆ ಹುಟ್ಟಿ ಇಂದು ಬೆಳಕಾಗಿ ಹೊರಬರುತ್ತಿರುವ ಶಕ್ತಿಯೂ ಸರಿಸಮವೆಂದು ಅದು ತೋರಿಸಿತು. ಅಂದರೆ, ಒಲೆ ಇನ್ನೂ ಹಾಗೆಯೇ ಉರಿಯುತ್ತಿದೆ. ಇನ್ನೂ ಸುಮಾರು 500 ಕೋಟಿ ವರ್ಷಗಳಿಗೆ ಸಾಲುವಷ್ಟು ಹೈಡ್ರೊಜನ್ ಅಲ್ಲಿದೆ.

ನಾಳೆ ಸೂರ್ಯ ಹುಟ್ಟುತ್ತಾನೆಂದು ಅಜ್ಜಿಯಂತೆ ನಾವೂ ನಂಬುತ್ತೇವೆ. ಆದರೆ ತನ್ನ ಕೋಳಿಯೇ ಕಾರಣವೆಂಬುದನ್ನು ಆಕೆ ಪರೀಕ್ಷಿಸಿರಲಿಲ್ಲ. ವಿಜ್ಞಾನಿಗಳು ಗಣಿಯ ಆಳಕ್ಕಿಳಿದು ಪರೀಕ್ಷಿಸಿದರು. ಲೆಕ್ಕ ತಪ್ಪಿದಾಗ ಸೂರ್ಯನನ್ನೂ ಸಂದೇಹಿಸಲು ಹಿಂಜರಿಯಲಿಲ್ಲ.