ಬಾಡಿಗೆ ಮನೆ ಕಟ್ಟಿದವರ ನೂರು ವರ್ಷದ ಲೆಕ್ಕ

ಜಮೀನು ಮಾರಿದ ದುಡ್ಡು ಕೈಗೆ ಬಂದ ಮನೆಯಲ್ಲಿ ಒಂದು ಮಾತು ಕೇಳಿಬರುತ್ತದೆ: "ಪೇಟೆಯಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಡು, ಕೂತು ಉಣ್ಣಬಹುದು." ಈ ಮಾತು ಹೊಸದಲ್ಲ. ಬೆಂಗಳೂರಿನಲ್ಲಿ ನೂರು ವರ್ಷದಿಂದ ಜನ ಇದನ್ನು ನಂಬಿ ಮನೆ ಕಟ್ಟಿದ್ದಾರೆ. ಕೆಲವರು ಗೆದ್ದರು, ಕೆಲವರು ಸೋತರು. ಯಾಕೆ ಅನ್ನುವುದು ತಿಳಿದರೆ ನಮ್ಮ ದುಡ್ಡು ಹಾಕುವ ಮೊದಲು ಯೋಚಿಸಲು ಅನುಕೂಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮಿಲ್ಲುಗಳು, ಕಚೇರಿಗಳು, ಮುಂದೆ 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, ಹೀಗೆ ಕೆಲಸ ಹುಡುಕಿ ಬಂದವರಿಗೆಲ್ಲ ಸಣ್ಣ ಮನೆ ಬೇಕಾಯಿತು. ಅವರಿಗೆ ಆಸರೆಯಾದದ್ದು ವಠಾರ.

ವಠಾರ ಎಂದರೆ ಒಂದೇ ಗೇಟು, ನಡುವೆ ಓಣಿಯಂಥ ಅಂಗಳ, ಎರಡೂ ಬದಿ ಒಂದೆರಡು ಕೋಣೆಯ ಮನೆಗಳ ಸಾಲು. ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ನಲ್ಲಿ, ಹಿಂದೆ ಸಾಮೂಹಿಕ ಪಾಯಿಖಾನೆ. ಬಾಡಿಗೆದಾರರಿಗೆ ಇದು ಕಷ್ಟದ ಬದುಕು. ಮಾಲೀಕನ ಕಡೆಯಿಂದ ನೋಡಿದರೆ ಒಳ್ಳೆಯ ಲೆಕ್ಕಾಚಾರ. ಎರಡು ಮನೆಗೆ ಒಂದೇ ಗೋಡೆ, ಎಂಟು ಮನೆಗೆ ಒಂದೇ ಬಾವಿ. ಒಂದು ಮನೆ ಖಾಲಿ ಬಿದ್ದರೂ ಉಳಿದ ಏಳರ ಬಾಡಿಗೆ ಬರುತ್ತಿತ್ತು. ಒಂದೇ ದೊಡ್ಡ ಮನೆ ಕಟ್ಟಿದವನಿಗೆ ಅದು ಖಾಲಿಯಾದ ತಿಂಗಳು ಕೈ ಪೂರ್ತಿ ಬರಿದು.

ಆಮೇಲೆ ಕಾನೂನು ಬಂತು. ಜನ ಹೆಚ್ಚಾಗಿ ಮನೆ ಸಾಲದೆ ಬಾಡಿಗೆ ಏರತೊಡಗಿದಾಗ, ಬಡ ಗುಮಾಸ್ತ, ಕಾರ್ಮಿಕರನ್ನು ಬೀದಿಗೆ ತಳ್ಳಬಾರದೆಂಬ ಉದ್ದೇಶದಿಂದ ಸರ್ಕಾರ ಬಾಡಿಗೆಗೆ ಲಗಾಮು ಹಾಕಿತು. ನಮ್ಮ ರಾಜ್ಯದಲ್ಲಿ ಬಹುಕಾಲ ನಡೆದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ ಪ್ರಕಾರ ಮನೆ ಖಾಲಿಯಾದರೆ ಮಾಲೀಕ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಅಧಿಕಾರಿ ಅದನ್ನು ಬೇರೆಯವರಿಗೆ ಹಂಚಿಕೊಡಬಹುದಿತ್ತು. ಕರಾರು ಮುಗಿಯಿತು ಅಂದಮಾತ್ರಕ್ಕೆ ಬಾಡಿಗೆದಾರನನ್ನು ಬಿಡಿಸಲು ಆಗುತ್ತಿರಲಿಲ್ಲ. ಬಾಡಿಗೆ ಬಾಕಿ, ಸ್ವಂತ ವಾಸದ ಅಗತ್ಯ, ಇಂಥ ಕಾರಣವನ್ನು ಕೋರ್ಟಿನಲ್ಲಿ ತೋರಿಸಬೇಕಿತ್ತು.

ಇದರಿಂದ ಅನೇಕ ಕುಟುಂಬಗಳಿಗೆ ನೆರಳು ಸಿಕ್ಕಿತು. ಆದರೆ ಸುಣ್ಣ, ಹೆಂಚು, ಕೂಲಿ ಎಲ್ಲ ದುಬಾರಿಯಾದರೂ ಹಳೇ ಬಾಡಿಗೆ ಅಲ್ಲೇ ನಿಂತಾಗ, ಮಾಲೀಕ ರಿಪೇರಿ ನಿಲ್ಲಿಸಿದ. ಮುಂಬೈಯಲ್ಲಿ ಇದು ಇನ್ನೂ ಜೋರಾಗಿ ನಡೆಯಿತು. ಅಲ್ಲಿ 1947ರ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಚಾಳ್‌ಗಳು ಶಿಥಿಲವಾದವು, ಕುಸಿದವು. ಮನೆ ಇದ್ದರೂ ಅದನ್ನು ನೋಡಿಕೊಳ್ಳುವ ಲಾಭ ಯಾರಿಗೂ ಇರಲಿಲ್ಲ.

ಮನೆ ಬಿಡಿಸಲಾಗದ ಭಯದಿಂದ ಮಾಲೀಕರು ಬೇರೆ ದಾರಿ ಹುಡುಕಿದರು. ಮೊದಲನೆಯದು 11 ತಿಂಗಳ ಕರಾರು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು ಉಳಿಸಲು 11 ತಿಂಗಳು. ಎರಡನೆಯದು ದೊಡ್ಡ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಕೇಳುವುದು ರೂಢಿಯಾಯಿತು.

ಮೂರನೆಯದು ಭೋಗ್ಯ. ಈ ಮಾತು ನಮಗೆ ಹೊಲದಿಂದಲೇ ಗೊತ್ತು. ಸಾಲ ಕೊಟ್ಟವನು ಅಸಲು ತೀರುವವರೆಗೆ ಜಮೀನು ಉಳುತ್ತಾನೆ, ಫಸಲೇ ಅವನ ಬಡ್ಡಿ. ಮನೆಯಲ್ಲೂ ಅದೇ ರೀತಿ. ವಾಸಕ್ಕೆ ಬಂದವರು ಒಂದೇ ಗಂಟು ಕೊಡುತ್ತಾರೆ, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಗಂಟು ವಾಪಸ್. ಮಾಲೀಕನಿಗೆ ಬಡ್ಡಿಯಿಲ್ಲದ ಸಾಲ ಸಿಕ್ಕಂತೆ ಕಾಣುತ್ತದೆ. ಆದರೆ ಆ ದುಡ್ಡನ್ನು ಮದುವೆಗೋ ಇನ್ನೊಂದು ಸೈಟಿಗೋ ಸುರಿದವನು ವಾಪಸ್ ಕೊಡುವ ದಿನ ಹೊಸ ಭೋಗ್ಯದವರನ್ನು ಹುಡುಕಿ ಓಡಬೇಕು. ಇನ್ನು, ಬ್ಯಾಂಕಿಗೆ ಅಡವಿಟ್ಟ ಮನೆಯನ್ನೇ ಭೋಗ್ಯಕ್ಕೆ ಕೊಟ್ಟು ಕಂತು ತಪ್ಪಿಸಿದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಳ್ಳಲು ಬರಬಹುದು. ಆಗ ಗಂಟು ಕೊಟ್ಟು ಕೂತವರ ಗತಿ ಕಷ್ಟ.

1961ರ ಕಾಯ್ದೆಯ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಹೆಚ್ಚು ಬಾಡಿಗೆಯ ಮನೆಗಳು ಅದರ ಹಿಡಿತದಿಂದ ಹೊರಗುಳಿದವು. ಮಾಲೀಕನ ಹಳೇ ಭಯ ಕಡಿಮೆಯಾಯಿತು. ಈಗ ಅವನನ್ನು ಕಾಡುವುದು ಸಾಲದ ಕಂತು.

ಒಂದು ಉದಾಹರಣೆ ನೋಡಿ. ಸೈಟು, ಕಟ್ಟಡ ಸೇರಿ 40 ಲಕ್ಷದಲ್ಲಿ ನಾಲ್ಕು ಮನೆ ಕಟ್ಟಿದಿರಿ ಅನ್ನೋಣ. ತಲಾ 6,000 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ 2,88,000. ಪ್ರತಿ ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 24,000 ಹೋಯಿತು. ಕಂದಾಯ, ಬಣ್ಣ, ಮೋಟಾರು, ಪಿಟ್ಟು ಅಂತ 40,000 ಇಡಿ. ಉಳಿದದ್ದು 2,24,000. ಅರ್ಧ ದುಡ್ಡು, ಅಂದರೆ 20 ಲಕ್ಷ, ಶೇಕಡಾ 9ರ ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 18,000, ವರ್ಷಕ್ಕೆ 2,16,000. ಕೈಯಲ್ಲಿ ಉಳಿಯುವುದು 8,000 ರೂಪಾಯಿ! ಸಾಲ ತೀರಿದ ಮೇಲೆ ಆಸ್ತಿ ನಿಮ್ಮದು, ನಿಜ. ಆದರೆ ಅಲ್ಲಿಯವರೆಗೆ ಕೂತು ಉಣ್ಣುವ ಮಾತು ಮರೆಯಬೇಕು.

ಹಳಬರ ಅನುಭವ ಹೇಳುವುದು ಇಷ್ಟು. ಒಂದೇ ದೊಡ್ಡ ಮನೆಗಿಂತ ನಾಲ್ಕು ಸಣ್ಣ ಮನೆ ಭದ್ರ. ಅಡ್ವಾನ್ಸ್ ಮತ್ತು ಭೋಗ್ಯದ ದುಡ್ಡು ಆದಾಯವಲ್ಲ, ಸಾಲ. ಅದನ್ನು ಮುಟ್ಟದೆ ಬ್ಯಾಂಕಿನಲ್ಲಿ ಇಡಿ. ರಿಪೇರಿಗೆ ಪ್ರತಿ ತಿಂಗಳು ಸ್ವಲ್ಪ ಎತ್ತಿಡಿ. ಜಮೀನು ಪೂರ್ತಿ ಮಾರಿ ಕಟ್ಟಡಕ್ಕೆ ಸುರಿಯುವ ಮುನ್ನ, ಅದೇ ಬೀದಿಯಲ್ಲಿ ಎಷ್ಟು ಗೇಟಿಗೆ "ಮನೆ ಬಾಡಿಗೆಗೆ ಇದೆ" ಬೋರ್ಡು ನೇತಾಡುತ್ತಿದೆ ಎಂದು ನಡೆದು ಎಣಿಸಿ ಬನ್ನಿ. ಬ್ರೋಕರ್ ಆ ಲೆಕ್ಕ ಹೇಳುವುದಿಲ್ಲ.