ನ್ಯೂಯಾರ್ಕ್ ನಗರದಲ್ಲಿ ಕ್ಷಯರೋಗದ ಪುನರಾಗಮನ (1978–1994)

ಕ್ಷಯರೋಗದ ಚರಿತ್ರೆಯನ್ನು ಹಲವರು ರೋಗಾಣುವಿನ ಮತ್ತು ಔಷಧಗಳ ಚರಿತ್ರೆಯಾಗಿ ನಿರೂಪಿಸಿದ್ದಾರೆ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ರೋಗಾಣುವಿನ ಶೋಧವನ್ನು ಪ್ರಕಟಿಸಿದುದು, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತುದು, 1952ರಲ್ಲಿ ಐಸೊನಯಜಿಡ್ ಬಳಕೆಗೆ ಬಂದುದು ಇದರ ಮುಖ್ಯ ಘಟ್ಟಗಳು. ರೋಗಿಯ ದೇಹಸ್ಥಿತಿಗೂ ಅವನು ಬಾಳುವ ಸಮಾಜಕ್ಕೂ ಇಲ್ಲಿ ದೊರೆತ ಸ್ಥಾನ ಅಲ್ಪವಾದುದು. ಈ ನಿರೂಪಣೆ ಎಷ್ಟು ಅಪೂರ್ಣವೆಂಬುದನ್ನು ನ್ಯೂಯಾರ್ಕ್ ನಗರದ ಅನುಭವದಿಂದ ತಿಳಿಯಬಹುದು.

ರೋಗಾಣುವು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕಾಗ ದೇಹವು ಅದನ್ನು ಪೂರ್ಣವಾಗಿ ಕೊಲ್ಲಲಾರದಿದ್ದರೂ ಸುತ್ತುಗಟ್ಟಬಲ್ಲದು. ರಕ್ಷಕ ಕಣಗಳು ಒತ್ತಾಗಿ ನೆರೆದು ಅದರ ಸುತ್ತ ಸಣ್ಣ ಗಂಟೊಂದನ್ನು ಕಟ್ಟುತ್ತವೆ. ವೈದ್ಯಶಾಸ್ತ್ರವು ಇದನ್ನು ಗ್ರ್ಯಾನ್ಯುಲೋಮ ಎಂದು ಕರೆಯುತ್ತದೆ. ಅದರೊಳಗೆ ರೋಗಾಣುವು ದಶಕಗಳ ಕಾಲ ಸುಪ್ತವಾಗಿರಬಲ್ಲದು. ಆದುದರಿಂದಲೇ ಸೋಂಕು ತಗುಲಿದ ಆರೋಗ್ಯವಂತರಲ್ಲಿ ನೂರಕ್ಕೆ 5ರಿಂದ 10 ಮಂದಿ ಮಾತ್ರ ತಮ್ಮ ಜೀವಮಾನದಲ್ಲಿ ರೋಗಿಗಳಾಗುತ್ತಾರೆ. ಎಚ್.ಐ.ವಿ. ಎಂಬ ವೈರಾಣುವು ಈ ಗಂಟನ್ನು ಕಾಯುವ ಬಿಳಿಯ ರಕ್ತಕಣಗಳನ್ನೇ ನಾಶಮಾಡುತ್ತದೆ. ಆಗ ಹಳೆಯ ಗಂಟು ಸಡಿಲಗೊಳ್ಳುತ್ತದೆ. ಹೊಸ ಸೋಂಕಿನ ಸುತ್ತ ಗಂಟು ಸರಿಯಾಗಿ ಕಟ್ಟಿಕೊಳ್ಳುವುದೂ ಇಲ್ಲ. ಎರಡು ಸೋಂಕುಗಳೂ ಇದ್ದವರಲ್ಲಿ ವರ್ಷವೊಂದಕ್ಕೇ ನೂರರಲ್ಲಿ ಸುಮಾರು 8 ಮಂದಿ ಕ್ಷಯಕ್ಕೆ ಈಡಾಗುವರೆಂದು ಅದೇ ನಗರದಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

1978ರಲ್ಲಿ ನ್ಯೂಯಾರ್ಕಿನಲ್ಲಿ ವರದಿಯಾದ ಕ್ಷಯರೋಗಿಗಳ ಸಂಖ್ಯೆ 1,307. 1992ರಲ್ಲಿ ಅದು 3,811ಕ್ಕೆ ಏರಿತು. ಇದಕ್ಕೆ ವೈರಾಣುವೊಂದೇ ಕಾರಣವೆ? ಆ ದಶಕಗಳ ಇತರ ಸಂಗತಿಗಳನ್ನು ಗಮನಿಸಿದರೆ ಹಾಗೆ ಹೇಳಲಾಗದು. 1970ರ ದಶಕದ ಹಣದ ಮುಗ್ಗಟ್ಟಿನಲ್ಲಿ ನಗರದ ಕ್ಷಯ ಚಿಕಿತ್ಸಾಲಯಗಳು ಕ್ಷೀಣಿಸಿದ್ದವು, ಮನೆಯಿಲ್ಲದವರು ಹೆಚ್ಚಿದ್ದರು, ಅವರು ತಂಗುತ್ತಿದ್ದ ಆಶ್ರಯಗೃಹಗಳು ಕಿಕ್ಕಿರಿದಿದ್ದವು. ಹಾರ್ಲೆಮ್ ಆಸ್ಪತ್ರೆಯಿಂದ 1988ರಲ್ಲಿ ಔಷಧದೊಡನೆ ಮನೆಗೆ ಕಳುಹಿಸಲ್ಪಟ್ಟ 178 ರೋಗಿಗಳಲ್ಲಿ ನೂರಕ್ಕೆ 89 ಮಂದಿ ಚಿಕಿತ್ಸೆಯನ್ನು ಮುಗಿಸಲೇ ಇಲ್ಲ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಔಷಧಗಳಿಗೆ ಮಣಿಯದ ರೋಗಾಣುಗಳು ಬೆಳೆದವು.

ಇದಕ್ಕಿಂತ ಬಲವಾದ ಸಾಕ್ಷ್ಯವು ರೋಗದ ಇಳಿತದಲ್ಲಿ ದೊರೆಯುತ್ತದೆ. 1994ರ ವೇಳೆಗೆ ರೋಗಿಗಳ ಸಂಖ್ಯೆ 2,995ಕ್ಕೆ ಇಳಿಯಿತು. ಎಚ್.ಐ.ವಿ.ಯನ್ನು ಹತೋಟಿಯಲ್ಲಿಡುವ ಸಂಯುಕ್ತ ಔಷಧಗಳು ವ್ಯಾಪಕ ಬಳಕೆಗೆ ಬಂದುದು 1996ರಿಂದ ಈಚೆಗೆ. ಎಂದರೆ ದೇಹಗಳ ದೌರ್ಬಲ್ಯವು ಹಾಗೆಯೇ ಉಳಿದಿದ್ದಾಗಲೂ ಕ್ಷಯವು ಇಳಿಮುಖವಾಯಿತು. ಬದಲಾದುದು ನಗರದ ವ್ಯವಸ್ಥೆ. ಆಸ್ಪತ್ರೆಗಳಲ್ಲಿ ಸೋಂಕು ಹರಡದಂತೆ ಎಚ್ಚರ ವಹಿಸಲಾಯಿತು. ಆರೋಗ್ಯ ಕಾರ್ಯಕರ್ತರು ರೋಗಿಗಳಿದ್ದೆಡೆಗೇ ಹೋಗಿ, ತಮ್ಮ ಕಣ್ಣೆದುರಿನಲ್ಲಿ ಔಷಧವನ್ನು ನುಂಗಿಸಿದರು.

ಈ ವಿಧಾನದ ಮೂಲವನ್ನು ಅರಸಿದರೆ ನಾವು ಮದರಾಸಿಗೆ ಬರುತ್ತೇವೆ. 1956ರಲ್ಲಿ ಅಲ್ಲಿ ಆರಂಭವಾದ ಸಂಶೋಧನೆಯು, ಮನೆಯಲ್ಲಿದ್ದು ಔಷಧ ಸೇವಿಸಿದ ಬಡ ರೋಗಿಗಳೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣಹೊಂದಬಲ್ಲರೆಂಬುದನ್ನು 1959ರಲ್ಲಿ ಪ್ರಕಟಪಡಿಸಿತು. ಔಷಧಸೇವನೆಯನ್ನು ರೋಗಿಯೊಬ್ಬನ ಹೊಣೆಗೇ ಬಿಡಲಾಗದೆಂಬುದನ್ನು ಮನಗಂಡ ವ್ಯಾಲೇಸ್ ಫಾಕ್ಸ್ ಮತ್ತು ಸಂಗಡಿಗರು, ವಾರಕ್ಕೆ ಎರಡು ಬಾರಿ ಮೇಲ್ವಿಚಾರಣೆಯಲ್ಲಿ ಔಷಧ ಕೊಡುವ ಕ್ರಮವನ್ನು ಅಲ್ಲಿಯೇ ಪರೀಕ್ಷಿಸಿದರು. ಬಡ ನಗರದಲ್ಲಿ ರೂಪುಗೊಂಡ ಈ ಕ್ರಮವನ್ನು ಸಿರಿವಂತ ನಗರವು ಮೂರು ದಶಕಗಳ ತರುವಾಯ ವಿಸ್ತಾರವಾಗಿ ಅನುಸರಿಸಬೇಕಾಯಿತು.

ದುರ್ಬಲ ದೇಹದಲ್ಲಿ ರೋಗವು ಏಕೆ ಏಳುತ್ತದೆಂಬುದನ್ನು ವೈದ್ಯಶಾಸ್ತ್ರವು ವಿವರಿಸುತ್ತದೆ. ಅದು ಒಂದು ನಗರದಲ್ಲಿ, ಒಂದು ಕಾಲದಲ್ಲಿ ಏಕೆ ಹಬ್ಬಿತೆಂಬುದು ಆಡಳಿತ, ವಸತಿ ಮತ್ತು ದಾರಿದ್ರ್ಯಗಳ ಚರಿತ್ರೆಗೆ ಸೇರಿದ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳು ಆರೋಗ್ಯ ಇಲಾಖೆಗಳ ಹಳೆಯ ವರದಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯ.