ಯೊಕೊಹಾಮದ ರಸ್ತೆ, ಶಿಡ್ಲಘಟ್ಟದ ನೂಲು

1999ರ ಜೂನ್‌ನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಪ್ಲೇಸ್ಟೇಷನ್‌ಗಾಗಿ ‘ರೇಸಿಂಗ್ ಲಗೂನ್’ ಎಂಬ ಆಟವನ್ನು ಹೊರತಂದಿತು. ‘ಫೈನಲ್ ಫ್ಯಾಂಟಸಿ’ಯಂಥ ದೀರ್ಘ ಕಥೆಯ ಆಟಗಳಿಗೆ ಹೆಸರಾದ ಕಂಪನಿ ಕಾರ್ ರೇಸಿಗೂ ಕಥೆ ಕೂಡಿಸಿತ್ತು. ಯೊಕೊಹಾಮ ನಗರದ ರಾತ್ರಿಗಳಲ್ಲಿ ಶೋ ಅಕಾಸಾಕಿ ಎಂಬ ಯುವಕ ಕಾರು ಓಡಿಸುತ್ತ, ಎದುರು ಸಿಕ್ಕವರಿಗೆ ಹೆಡ್‌ಲೈಟ್ ಮಿನುಗಿಸಿ ಪಂದ್ಯಕ್ಕೆ ಕರೆಯುತ್ತಾನೆ. ಗೆದ್ದರೆ ಸೋತವನ ಕಾರಿನ ಒಂದು ಬಿಡಿಭಾಗ ಇವನದಾಗುತ್ತದೆ. ಹಾಗೆ ಗೆದ್ದ ಭಾಗಗಳಿಂದಲೇ ಇವನ ಗಾಡಿ ಬೆಳೆಯುತ್ತ ಹೋಗುತ್ತದೆ. ಆಗ ಜಪಾನಿನಲ್ಲಷ್ಟೇ ಮಾರಾಟವಾದ ಈ ಆಟ, 2021ರಲ್ಲಿ ಅಭಿಮಾನಿಗಳ ಇಂಗ್ಲಿಷ್ ಅನುವಾದ ಬಂದ ಮೇಲೆ ನನ್ನಂಥವರಿಗೆ ದಕ್ಕಿತು.

ನಾನು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಮನೆಯವನು. ಆಟದ ಕಥೆ ಮುಗಿದ ಮೇಲೂ ಯೊಕೊಹಾಮ ನನ್ನನ್ನು ಬಿಡಲಿಲ್ಲ. ಆ ಊರು ಹೇಗೆ ಬೆಳೆಯಿತೆಂದು ಓದತೊಡಗಿದರೆ ಪುಟಪುಟಕ್ಕೂ ಸಿಕ್ಕಿದ್ದು ನಮ್ಮ ಮನೆಯ ಕಸುಬೇ. ಆ ನಗರವನ್ನು ಕಟ್ಟಿದ್ದು ರೇಷ್ಮೆ.

1859ರಲ್ಲಿ ಬಂದರು ತೆರೆಯುವವರೆಗೆ ಯೊಕೊಹಾಮ ಮೀನುಗಾರರ ಹಳ್ಳಿ. ಅದೇ ಕಾಲಕ್ಕೆ ಫ್ರಾನ್ಸ್, ಇಟಲಿಗಳಲ್ಲಿ ಪೆಬ್ರಿನ್ ರೋಗ ರೇಷ್ಮೆ ಹುಳುಗಳನ್ನು ತಿಂದುಹಾಕುತ್ತಿತ್ತು. ಪೆಬ್ರಿನ್ ಎಂದರೆ ಏನೆಂದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಯುರೋಪಿನ ವ್ಯಾಪಾರಿಗಳು ಮೊಟ್ಟೆಗೂ ನೂಲಿಗೂ ಜಪಾನಿನತ್ತ ತಿರುಗಿದರು. ಒಳನಾಡಿನ ಹಾಚಿಯೋಜಿಯಿಂದ ನೂಲಿನ ಹೊರೆಗಳು ಬಂದರಿಗೆ ಇಳಿದುಬಂದವು. 1908ರಲ್ಲಿ ಅದೇ ದಾರಿಗೆ ರೈಲು ಬಂತು. ಸರ್ಕಾರ 1872ರಲ್ಲಿ ತೊಮಿಯೋಕಾದಲ್ಲಿ ಫ್ರೆಂಚ್ ತಂತ್ರಜ್ಞ ಪಾಲ್ ಬ್ರುನಾ ಅವರ ಮಾರ್ಗದರ್ಶನದಲ್ಲಿ ದೊಡ್ಡ ಫಿಲೇಚರ್, ಅಂದರೆ ನೂಲು ತೆಗೆಯುವ ಗಿರಣಿ, ಕಟ್ಟಿಸಿತು. ಅಲ್ಲಿ ಬಿಸಿನೀರಿನ ಮುಂದೆ ಕೂತು ಎಳೆ ಹಿಡಿದವರು ಹೆಣ್ಣುಮಕ್ಕಳು. ಶಿಡ್ಲಘಟ್ಟದ ಬೇಸಿನ್‌ಗಳ ಮುಂದೆ ದುಡಿಯುವ ಹೆಂಗಸರನ್ನು ನೋಡಿ ಬೆಳೆದ ನನಗೆ ಅವರ ಬೆಂದ ಬೆರಳುಗಳು ಕಣ್ಣಿಗೆ ಕಟ್ಟುತ್ತವೆ. ಇಪ್ಪತ್ತನೇ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಪಾನ್ ಚೀನಾವನ್ನೂ ಹಿಂದಿಕ್ಕಿತ್ತು.

ರೇಷ್ಮೆ ವ್ಯಾಪಾರಿ ಹಾರಾ ತೊಮಿತಾರೊ ಯೊಕೊಹಾಮದ ಹೊನ್‌ಮೊಕುವಿನಲ್ಲಿ ಸಾಂಕೆಯೆನ್ ಉದ್ಯಾನ ಮಾಡಿಸಿ 1906ರಲ್ಲಿ ಜನರಿಗೆ ತೆರೆದಿಟ್ಟರು. 1923ರ ಭೂಕಂಪದಲ್ಲಿ ಊರೇ ಕುಸಿದಾಗ ಅದನ್ನು ಮತ್ತೆ ಎತ್ತಿ ಕಟ್ಟಲು ಮುಂದೆ ನಿಂತವರಲ್ಲೂ ಅವರಿದ್ದರು. ಆದರೆ ರೇಷ್ಮೆಯ ಹಳೆಯ ದಿನಗಳು ಉಳಿಯಲಿಲ್ಲ. ಅಮೆರಿಕದ ಆರ್ಥಿಕ ಕುಸಿತ, ಆಮೇಲೆ ನೈಲಾನ್ ಕಾಲುಚೀಲ, ಆಮೇಲೆ ಯುದ್ಧ ಒಂದರ ಹಿಂದೊಂದು ಬಂದವು. ತೊಮಿಯೋಕಾ ಗಿರಣಿ 1987ರಲ್ಲಿ ನಿಂತಿತು.

ಈ ಕಥೆಯ ಇನ್ನೊಂದು ಎಳೆ ನಮ್ಮ ಕಡೆ ಹರಿದಿದೆ. 1893ರಲ್ಲಿ ಜಪಾನ್ ಕಂಡುಬಂದ ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಜಪಾನೀ ತಜ್ಞರನ್ನಿಟ್ಟು ರೇಷ್ಮೆ ತೋಟ ಮಾಡಿಸಿದರು. ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಅಲ್ಲಿ ಈಗಲೂ ಉಳಿದಿದೆ. 1991ರಿಂದ ಜಪಾನಿನ ಜೈಕಾ ಸಂಸ್ಥೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ ದ್ವಿತಳಿ ರೇಷ್ಮೆಗೆ ಕೈಹಾಕಿತು. ಅಲ್ಲಿಂದ ಬಂದದ್ದು ಸಿಎಸ್‌ಆರ್ ತಳಿಗಳು. ಮಿಶ್ರತಳಿಯ ಹಳದಿ ಗೂಡನ್ನೇ ಕಂಡಿದ್ದ ಕಣ್ಣಿಗೆ ಆ ಬಿಳಿ ಗೂಡು ಹೊಸದಾಗಿತ್ತು. ಎಳೆ ಉದ್ದ, ನೂಲು ನಯ. ಆದರೆ ಸಾಕಣೆಯಲ್ಲಿ ಸ್ವಚ್ಛತೆ, ಶಾಖ, ಸೊಪ್ಪು ಎಲ್ಲವೂ ಹದವಾಗಿರಬೇಕು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ರೈತರಿಗೆ ಈ ಹುಳುವನ್ನು ನಂಬಲು ವರ್ಷಗಳೇ ಹಿಡಿದವು. ನಂಬಿ ಮನೆ ತುಂಬ ಹುಳು ಗೂಡು ಕಟ್ಟುವ ಚಂದ್ರಿಕೆ ಜೋಡಿಸಿದವರ ಧೈರ್ಯವನ್ನು ನಾನು ದೊಡ್ಡದೆನ್ನುತ್ತೇನೆ.

‘ರೇಸಿಂಗ್ ಲಗೂನ್’ನ ಶೋಗೆ ಹತ್ತು ವರ್ಷದ ಹಿಂದಿನ ತನ್ನ ನೆನಪೇ ಇಲ್ಲ, ಅದನ್ನು ಹುಡುಕುವುದೇ ಅವನ ಕಥೆ. ಅವನು ಓಡಾಡುವ ಊರು ಮಾತ್ರ ತನ್ನ ಕಸುಬನ್ನು ಮರೆತಿಲ್ಲ. ಬಂದರು ತೆರೆದ ನೂರನೇ ವರ್ಷಕ್ಕೆ, 1959ರಲ್ಲಿ, ಯೊಕೊಹಾಮ ರೇಷ್ಮೆಗೆಂದೇ ವಸ್ತುಸಂಗ್ರಹಾಲಯ ತೆರೆಯಿತು. ನಿಂತುಹೋದ ತೊಮಿಯೋಕಾ ಗಿರಣಿ 2014ರಲ್ಲಿ ವಿಶ್ವ ಪಾರಂಪರಿಕ ತಾಣವಾಯಿತು.

ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ಇನ್ನೂ ನಡೆಯುತ್ತಿದೆ, ಬೇಸಿನ್‌ಗಳ ನೀರು ಇನ್ನೂ ಕುದಿಯುತ್ತಿದೆ. ಮನೆಯ ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಆಟೊಮ್ಯಾಟಿಕ್ ಯಂತ್ರಕ್ಕೆ ಬಂದ ದಾರಿಯನ್ನು ಕಂಡವರು ನಮ್ಮ ನಡುವೆಯೇ ಇದ್ದಾರೆ. ಎಂಟು ಹತ್ತು ಗೂಡಿನ ಎಳೆ ಕೂಡಿಸಿ ಒಂದು ನೂಲು ಮಾಡುವ ಅಜ್ಜಿಯರ ಮಾತನ್ನು ಬರೆದಿಡಬೇಕು, ಹಳೆಯ ಚರಕಗಳನ್ನು ಗುಜರಿಗೆ ಹಾಕದೆ ಎತ್ತಿಡಬೇಕು. ಯೊಕೊಹಾಮ ಈ ಕೆಲಸಕ್ಕೆ ಕೈಹಾಕಿದ್ದು ವ್ಯಾಪಾರದ ಉಚ್ಛ್ರಾಯ ಕಳೆದ ಮೇಲೆ. ಕಸುಬು ಜೀವಂತವಾಗಿರುವಾಗಲೇ ಮಾಡುವ ಭಾಗ್ಯ ನಮಗಿದೆ.